ನಾವೇ ಕೂಲಿ ಮಾಡುವವರು. ನಮಗೂ ಸೇವೆಯ ಕರೆ ಇದೆಯೇ?

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿಯವಳು, ಶಾಲೆಯಲ್ಲಿ ಅತಿಥಿ ಶಿಕ್ಷಕಿ. ನಮ್ಮ ಕ್ರೈಸ್ತ ಸಭೆಯಲ್ಲಿ ಮೂವತ್ತರಷ್ಟು ಕುಟುಂಬಗಳಿವೆ. ಹೆಚ್ಚಿನವರು ಭತ್ತದ ನಾಟಿ, ಹತ್ತಿ ಬಿಡಿಸುವ ಕೂಲಿ ಮಾಡುವವರು. ಕೆಲಸವಿಲ್ಲದ ತಿಂಗಳುಗಳಲ್ಲಿ ಬೆಂಗಳೂರಿಗೆ ಗುಳೆ ಹೋಗುವವರು. ಊರಿನ ರೋಗಿಗಳಿಗೆ, ಒಂಟಿ ಮುದುಕರಿಗೆ ಏನಾದರೂ ಮಾಡೋಣವೆಂದು ನಾವು ಯುವಜನರು ಹೊರಟಾಗ ಸಭೆಯ ಹಿರಿಯರೊಬ್ಬರು, ‘ರಕ್ಷಣೆ ಸಿಗುವುದು ನಂಬಿಕೆಯಿಂದ, ಕ್ರಿಯೆಗಳಿಂದಲ್ಲ, ಪ್ರಾರ್ಥನೆ ಮಾಡಿರಿ, ಸಾಕು’ ಎಂದರು. ಕೆಲವರು, ‘ನಮ್ಮ ಹೊಟ್ಟೆಗೇ ಇಲ್ಲ, ಇನ್ನೊಬ್ಬರಿಗೆ ಎಲ್ಲಿಂದ ಕೊಡೋಣ’ ಎಂದರು. ಮತ್ತೆ ಕೆಲವರು, ಊರವರು ಇದನ್ನು ಮತಾಂತರವೆಂದು ತಿಳಿದಾರೆಂದು ಹೆದರಿದರು. ಈ ಮೂರು ಮಾತುಗಳಿಗೆ ಸತ್ಯವೇದ (ಬೈಬಲ್) ಏನು ಉತ್ತರ ಕೊಡುತ್ತದೆ?

ಉತ್ತರ:

ಸಹೋದರಿಯವರೇ, ನಿಮ್ಮ ಪತ್ರದ ಮೂರು ಮಾತುಗಳಲ್ಲಿ ಮೊದಲನೆಯದಕ್ಕೆ ನಾನು ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ಅದು ತಿಳಿಯಾಗದೆ ಉಳಿದರೆ ಮಿಕ್ಕ ಎರಡಕ್ಕೆ ಹೇಳುವುದೆಲ್ಲ ಬರೀ ವ್ಯವಹಾರದ ಸಲಹೆಯಾಗಿಬಿಡುತ್ತದೆ. ನಿಮ್ಮ ಹಿರಿಯರು ಹೇಳಿದ್ದು ಸುಳ್ಳಲ್ಲ. ಮನುಷ್ಯನು ದೇವರ ಮುಂದೆ ನಿಲ್ಲುವುದು ತಾನು ಗಳಿಸಿದ ಪುಣ್ಯದ ಲೆಕ್ಕ ತೋರಿಸಿ ಅಲ್ಲ, ಕೃಪೆಯಿಂದ. ಆ ಕೃಪೆಯನ್ನು ಕೈಚಾಚಿ ತೆಗೆದುಕೊಳ್ಳುವುದೇ ನಂಬಿಕೆ. ಈ ಬೋಧನೆಯನ್ನು ಬದಿಗೆ ಸರಿಸಿ ಸೇವೆಯನ್ನು ಎತ್ತಿಹಿಡಿಯಬೇಕೆಂದು ನಾನು ಹೇಳಲಾರೆ. ಅವರು ಓದನ್ನು ನಿಲ್ಲಿಸಿದ ಜಾಗದ ಬಗ್ಗೆ ಮಾತ್ರ ನನ್ನ ತಕರಾರು. ಎಫೆಸದವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯದ 8 ಮತ್ತು 9ನೆಯ ವಚನಗಳನ್ನು ನಮ್ಮ ಸಭೆಗಳಲ್ಲಿ ಮಕ್ಕಳೂ ಬಾಯಿಪಾಠ ಹೇಳುತ್ತಾರೆ: ರಕ್ಷಣೆ ಕೃಪೆಯಿಂದ ಬಂದದ್ದು, ಅದು ದೇವರ ವರ, ಹೊಗಳಿಕೊಳ್ಳುವುದಕ್ಕೆ ಯಾರಿಗೂ ಆಸ್ಪದವಿಲ್ಲ. ಆದರೆ ಅದನ್ನು ಬರೆದ ಅಪೊಸ್ತಲ ಪೌಲನ ಮಾತು ಅಲ್ಲಿಗೆ ಮುಗಿದಿಲ್ಲ. ಮರುವಚನದಲ್ಲಿಯೇ ಆತನು, ನಾವು ಒಳ್ಳೆಯ ಕೆಲಸಗಳಿಗಾಗಿಯೇ ಕ್ರಿಸ್ತ ಯೇಸುವಿನಲ್ಲಿ ಹೊಸದಾಗಿ ಉಂಟುಮಾಡಲ್ಪಟ್ಟವರು, ನಾವು ಮಾಡಬೇಕಾದ ಆ ಕೆಲಸಗಳನ್ನು ದೇವರು ಮುಂಚೆಯೇ ಸಿದ್ಧಮಾಡಿಟ್ಟಿದ್ದಾರೆ ಎನ್ನುತ್ತಾನೆ. ರಕ್ಷಣೆಗೆ ಕಾರಣ ಕ್ರಿಯೆಯಲ್ಲ; ರಕ್ಷಣೆ ಪಡೆದವನು ಬದುಕುವ ರೀತಿಯೇ ಕ್ರಿಯೆ. ಇದೇ ಪೌಲನು ಗಲಾತ್ಯದವರಿಗೆ ಬರೆಯುವಾಗ ಪ್ರೀತಿಯ ಮೂಲಕ ಕೆಲಸಮಾಡುವ ನಂಬಿಕೆಯೇ ಪ್ರಯೋಜನವಾದದ್ದು ಎಂದು 5ನೆಯ ಅಧ್ಯಾಯದ 6ನೆಯ ವಚನದಲ್ಲಿ ಸ್ಪಷ್ಟಮಾಡಿದ್ದಾನೆ.

‘ನಂಬಿಕೆಯಿಂದ ಮಾತ್ರ’ ಎಂಬ ಘೋಷಣೆಯನ್ನು ಜಗತ್ತಿಗೆ ದೊಡ್ಡ ದನಿಯಲ್ಲಿ ಸಾರಿದ, ಜರ್ಮನಿಯ ಸಭಾಸುಧಾರಕ ಮಾರ್ಟಿನ್ ಲೂಥರ್ ಕೂಡ ಅದನ್ನು ಕೈಕಟ್ಟಿ ಕೂರುವುದಕ್ಕೆ ಪರವಾನಗಿಯಾಗಿ ಬಳಸಲಿಲ್ಲ. 1522ರಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಗೆ ಅವರು ಬರೆದ ಮುನ್ನುಡಿಯಲ್ಲಿ, ನಂಬಿಕೆ ಎಂಬುದು ಜೀವವುಳ್ಳದ್ದು, ಸದಾ ದುಡಿಯುವಂಥದ್ದು, ಒಳ್ಳೆಯದನ್ನು ಮಾಡದೆ ಇರಲಾರದ್ದು, ಒಳ್ಳೆಯದನ್ನು ಮಾಡಬೇಕೇ ಎಂದು ಕೇಳುವ ಮುಂಚೆಯೇ ಮಾಡಿ ಮುಗಿಸಿರುವಂಥದ್ದು ಎಂಬರ್ಥದ ಮಾತುಗಳಿವೆ. ಅದರ ಮರುವರ್ಷ, 1523ರಲ್ಲಿ, ಜರ್ಮನಿಯ ಲೈಸ್ನಿಗ್ ಎಂಬ ಸಣ್ಣ ಊರಿನ ಸಭೆಯವರು ತಮ್ಮ ಊರಿನ ಬಡವರು, ಅನಾಥರು, ಮುದುಕರು ಇವರಿಗಾಗಿ ಒಂದು ಸಾಮೂಹಿಕ ಪೆಟ್ಟಿಗೆಯನ್ನು ಇಟ್ಟು ಅದರ ನಿಯಮಾವಳಿಯನ್ನು ಬರೆದಾಗ, ಲೂಥರ್ ಅದಕ್ಕೆ ಮುನ್ನುಡಿ ಬರೆದು ಬೆಂಬಲಿಸಿದರು. ನಂಬಿಕೆಯ ಬೋಧನೆ ಮತ್ತು ಬಡವರ ಪೆಟ್ಟಿಗೆ ಒಂದೇ ಕೈಯಿಂದ ಬಂದವು ಎಂಬುದನ್ನು ನಿಮ್ಮ ಹಿರಿಯರಿಗೆ ಗೌರವದಿಂದ ತಿಳಿಸಿರಿ.

ಈಗ ನಾವೆಲ್ಲ ಚಿಕ್ಕಂದಿನಿಂದ ಕೇಳಿದ ಸಮಾರ್ಯದವನ ಸಾಮ್ಯಕ್ಕೆ, ಎಂದರೆ ಯೇಸುಸ್ವಾಮಿ ಹೇಳಿದ ದೃಷ್ಟಾಂತದ ಕಥೆಗೆ, ಬರೋಣ. ಲೂಕನ ಸುವಾರ್ತೆಯ 10ನೆಯ ಅಧ್ಯಾಯ. ಯೆರೂಸಲೇಮಿನಿಂದ ಯೆರಿಕೋವಿಗೆ ಹೋಗುವ ದಾರಿ ಸುಮಾರು ಸಾವಿರ ಮೀಟರ್ ಕೆಳಕ್ಕೆ ಇಳಿಯುವ, ಬೋಳು ಗುಡ್ಡಗಳ ನಡುವಿನ ನಿರ್ಜನ ದಾರಿ. ಅಲ್ಲಿ ಕಳ್ಳರ ಕೈಗೆ ಸಿಕ್ಕು ಅರೆಜೀವವಾಗಿ ಬಿದ್ದವನನ್ನು ಯಾಜಕನೂ ಲೇವಿಯನೂ ನೋಡುತ್ತಾರೆ. ಅವರು ನೋಡಲಿಲ್ಲವೆಂದು ಕಥೆ ಹೇಳುವುದಿಲ್ಲ. ನೋಡಿ, ಓರೆಯಾಗಿ ಹೋದರು ಎನ್ನುತ್ತದೆ. ಅವರಿಬ್ಬರೂ ದೇವರ ಆರಾಧನೆಯ ಕೆಲಸದವರು, ಅವರ ನಂಬಿಕೆಯ ತಿಳಿವಳಿಕೆಯಲ್ಲಿ ಕೊರತೆ ಇತ್ತೆಂದು ಯೇಸುಸ್ವಾಮಿ ಎಲ್ಲಿಯೂ ಸೂಚಿಸುವುದಿಲ್ಲ. ಯೆಹೂದ್ಯರಿಗೆ ಆಗದ ಜನಾಂಗದವನಾದ ಸಮಾರ್ಯದವನು ಅದೇ ದೃಶ್ಯವನ್ನು ನೋಡಿ ಕನಿಕರಪಟ್ಟನು. ಆದರೆ ಸುವಾರ್ತೆಯು ಕನಿಕರದ ವಿಷಯಕ್ಕೆ ಒಂದೇ ಮಾತನ್ನು ಕೊಟ್ಟು, ಅದರ ನಂತರ ಆತ ಮಾಡಿದ್ದನ್ನು ಒಂದೊಂದಾಗಿ ಹೇಳುತ್ತಾ ಹೋಗುತ್ತದೆ: ಹತ್ತಿರಕ್ಕೆ ಹೋದನು, ಗಾಯಗಳಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದನು, ಕಟ್ಟಿದನು, ತನ್ನ ವಾಹನದ ಪಶುವಿನ ಮೇಲೆ ಕೂರಿಸಿದನು, ಛತ್ರಕ್ಕೆ ಕರೆತಂದನು, ಆರೈಕೆ ಮಾಡಿದನು. ಪಶುವನ್ನು ಗಾಯಾಳುವಿಗೆ ಕೊಟ್ಟ ಮೇಲೆ ಆ ದಾರಿಯನ್ನು ಆತನು ನಡೆದೇ ಹೋಗಿರಬೇಕು.

ಉಪದೇಶಗಳಲ್ಲಿ ನಾವು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತೇವೆ. ನನ್ನ ದೃಷ್ಟಿಯಲ್ಲಿ ಸಾಮ್ಯದ ಹೆಚ್ಚಿನ ಭಾರ ಇರುವುದು ಮುಂದಿನ ವಚನದಲ್ಲಿ. ಮರುದಿನ ಆತನು ಎರಡು ಹಣಗಳನ್ನು ತೆಗೆದು ಛತ್ರದವನ ಕೈಗೆ ಕೊಟ್ಟು, ಇವನನ್ನು ನೋಡಿಕೊ, ಇದಕ್ಕಿಂತ ಹೆಚ್ಚೇನಾದರೂ ಖರ್ಚಾದರೆ ನಾನು ಹಿಂತಿರುಗಿ ಬಂದಾಗ ಕೊಡುತ್ತೇನೆ ಎಂದನು. ಮತ್ತಾಯನ 20ನೆಯ ಅಧ್ಯಾಯದ ದ್ರಾಕ್ಷೇತೋಟದ ಸಾಮ್ಯದ ಪ್ರಕಾರ ಒಂದು ಹಣವೆಂದರೆ ಒಬ್ಬ ಕೂಲಿಯಾಳಿನ ಒಂದು ದಿನದ ಸಂಬಳ. ಹಾಗಾಗಿ ಆತ ಕೊಟ್ಟದ್ದು ಎರಡು ದಿನದ ಕೂಲಿ. ಅದು ರಾಜನ ದಾನವಲ್ಲ, ನಿಮ್ಮ ಸಭೆಯ ಯಾರ ಮನೆಯಲ್ಲಾದರೂ ಇರಬಹುದಾದ ಮೊತ್ತ. ಮೊತ್ತಕ್ಕಿಂತ ಮಿಗಿಲಾದದ್ದು ಆತ ಮಾಡಿದ ಏರ್ಪಾಡು. ಇನ್ನೊಬ್ಬರನ್ನು ಜವಾಬ್ದಾರಿಗೆ ಸೇರಿಸಿಕೊಂಡನು, ಮುಂದಿನ ಖರ್ಚಿಗೆ ಹೊಣೆ ಹೊತ್ತನು, ಮತ್ತೆ ಬರುವುದಾಗಿ ಮಾತುಕೊಟ್ಟು ತನ್ನ ಪ್ರಯಾಣ ಮುಂದುವರಿಸಿದನು. ಕಣ್ಣೀರು ತರಿಸುವ ದೃಶ್ಯ ಕಂಡ ದಿನ ಕೈಗೆ ಸಿಕ್ಕದ್ದನ್ನು ಕೊಟ್ಟು ಬರುವುದು ಬಹಳ ಮಂದಿಗೆ ಸಾಧ್ಯವಾಗುತ್ತದೆ. ಎರಡನೆಯ ದಿನವೂ, ಎರಡನೆಯ ತಿಂಗಳೂ ಅದೇ ಮನುಷ್ಯನ ಗಾಯದ ಸ್ಥಿತಿಯನ್ನು ವಿಚಾರಿಸುವುದೇ ಕ್ರೈಸ್ತ ಕರುಣೆಯ ನಿಜವಾದ ಕೆಲಸವೆಂದು ನಾನು ನಂಬುತ್ತೇನೆ. ಸಾಮ್ಯದ ಕೊನೆಯಲ್ಲಿ ಯೇಸುಸ್ವಾಮಿ ತಮ್ಮನ್ನು ಪ್ರಶ್ನಿಸಿದ್ದ ಧರ್ಮೋಪದೇಶಕನಿಗೆ ‘ಹೋಗು, ನೀನೂ ಹಾಗೆಯೇ ಮಾಡು’ ಎಂದು ಹೇಳಿದರು. ‘ಹಾಗೆಯೇ’ ಎನ್ನುವಾಗ ಮರುದಿನದ ಏರ್ಪಾಡೂ ಅದರಲ್ಲಿ ಸೇರಿದೆ.

ಮತ್ತಾಯನ 25ನೆಯ ಅಧ್ಯಾಯದ ನ್ಯಾಯತೀರ್ಪಿನ ಭಾಗವನ್ನೂ ಇದರ ಪಕ್ಕದಲ್ಲಿಟ್ಟು ಓದಬೇಕು. ಹಸಿದವರಿಗೆ ಊಟ, ಬಾಯಾರಿದವರಿಗೆ ನೀರು, ಪರದೇಶಿಗೆ ಆಶ್ರಯ, ಬಟ್ಟೆಯಿಲ್ಲದವರಿಗೆ ಬಟ್ಟೆ, ರೋಗಿಯ ಆರೈಕೆ, ಸೆರೆಮನೆಯಲ್ಲಿರುವವರ ಭೇಟಿ ಎಂದು ಆರು ಕೆಲಸಗಳನ್ನು ನ್ಯಾಯತೀರಿಸುವ ಅರಸನಾದ ಕ್ರಿಸ್ತನು ಹೆಸರಿಸಿ, ಅವನ್ನು ನನಗೇ ಮಾಡಿದಿರಿ ಎನ್ನುತ್ತಾನೆ. ಅವನ್ನು ಮಾಡಿ ಬಲಗಡೆಯಲ್ಲಿ ನಿಂತವರು, ‘ಸ್ವಾಮೀ, ಯಾವಾಗ ನಿನ್ನನ್ನು ಹಸಿದವನಾಗಿ ಕಂಡೆವು?’ ಎಂದು ಆಶ್ಚರ್ಯದಿಂದ ಕೇಳುತ್ತಾರೆ. ಅವರು ಲೆಕ್ಕವಿಟ್ಟುಕೊಂಡವರಲ್ಲ, ಪರಲೋಕಕ್ಕೆ ಬೆಲೆ ತೆತ್ತವರೂ ಅಲ್ಲ. ಕೊಟ್ಟದ್ದು ಅವರಿಗೇ ಮರೆತುಹೋಗಿತ್ತು. ಆದ್ದರಿಂದ ಕರುಣೆಯ ಕೆಲಸ ಮಾಡಿದರೆ ಕೃಪೆಗೆ ಕುಂದು ಬರುತ್ತದೆಂಬ ನಿಮ್ಮ ಹಿರಿಯರ ಭಯಕ್ಕೆ ಆಧಾರವಿಲ್ಲ. ಕೃಪೆಯಲ್ಲಿ ಬದುಕುವವನು ಮಾತ್ರ ಹಾಗೆ ಲೆಕ್ಕವಿಲ್ಲದೆ ಕೊಡಬಲ್ಲನು.

ಅವರ ಮಾತಿನ ಇನ್ನೊಂದು ಭಾಗ ಪ್ರಾರ್ಥನೆಗೆ ಸಂಬಂಧಿಸಿದ್ದು. ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ, ಏಕೆಂದರೆ ಪ್ರಾರ್ಥನೆಯಿಲ್ಲದ ಸೇವೆ ಬೇಗ ದಣಿಯುತ್ತದೆ, ದಣಿದ ಮೇಲೆ ಸಹಾಯ ಪಡೆದವರ ಮೇಲೆಯೇ ಸಿಡುಕುತ್ತದೆ. ಆದರೆ ಯಾಕೋಬನು ತನ್ನ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಕೊಟ್ಟ ಉದಾಹರಣೆ ಅತ್ಯಂತ ನೇರವಾದದ್ದು. ಬಟ್ಟೆಯೂ ಆ ದಿನದ ಊಟವೂ ಇಲ್ಲದ ಸಹೋದರ ಸಹೋದರಿಯರಿಗೆ, ಸಮಾಧಾನದಿಂದ ಹೋಗಿರಿ, ಬೆಚ್ಚಗಿರಿ, ತೃಪ್ತರಾಗಿರಿ ಎಂದು ಹೇಳಿ, ದೇಹಕ್ಕೆ ಬೇಕಾದದ್ದನ್ನು ಕೊಡದೆ ಹೋದರೆ ಏನು ಪ್ರಯೋಜನ ಎಂದು ಆತನು ಕೇಳುತ್ತಾನೆ. ಆ ಆಶೀರ್ವಾದದ ಮಾತುಗಳು ನಾವು ರೋಗಿಯ ಮನೆಯಲ್ಲಿ ಪ್ರಾರ್ಥನೆ ಮುಗಿಸಿ ಎದ್ದುಬರುವಾಗ ಆಡುವ ಮಾತುಗಳೇ. ಯೆಶಾಯನ 58ನೆಯ ಅಧ್ಯಾಯದಲ್ಲಿ ಉಪವಾಸದ ವಿಷಯದಲ್ಲಿ ಪ್ರವಾದಿ ಇನ್ನೂ ಕಠಿಣವಾಗಿ ಮಾತನಾಡಿದ್ದಾನೆ: ದೇವರು ಮೆಚ್ಚುವ ಉಪವಾಸವೆಂದರೆ ಕೇಡಿನ ಬಂಧಗಳನ್ನು ಬಿಚ್ಚುವುದು, ನೊಗದ ಕಣ್ಣಿಗಳನ್ನು ಕಳಚುವುದು, ಹಸಿದವರಿಗೆ ಅನ್ನವನ್ನು ಹಂಚುವುದು.

ಎರಡನೆಯ ಮಾತು ಬಡತನದ್ದು. ಬಡವರಿಂದ ಕಾಣಿಕೆಯನ್ನು ಹಿಂಡುವ ಬೋಧನೆಯನ್ನು ನಾನು ಒಪ್ಪುವುದಿಲ್ಲ. ತನ್ನಲ್ಲಿದ್ದ ಎರಡೇ ಕಾಸನ್ನು ಕಾಣಿಕೆ ಹಾಕಿದ ಬಡ ವಿಧವೆಯ ಪ್ರಸಂಗವನ್ನು ಎತ್ತಿ ಹೇಳುವವರು, ಮಾರ್ಕನ 12ನೆಯ ಅಧ್ಯಾಯದಲ್ಲಿ ಅದಕ್ಕೆ ತುಸು ಮುಂಚೆಯೇ ಯೇಸುಸ್ವಾಮಿ ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳ ಬಗ್ಗೆ ಎಚ್ಚರಿಸಿದ್ದನ್ನೂ ಓದಿ ಹೇಳಬೇಕು. ಮಕ್ಕಳ ಶಾಲೆಯ ಖರ್ಚನ್ನು ಕತ್ತರಿಸಿ, ಸಾಲ ಮಾಡಿ ಕೊಡಿರೆಂದು ಸತ್ಯವೇದ ಯಾರಿಗೂ ಅಪ್ಪಣೆ ಮಾಡಿಲ್ಲ. ಎರಡನೆಯ ಕೊರಿಂಥ ಪತ್ರಿಕೆಯ 8ನೆಯ ಅಧ್ಯಾಯದಲ್ಲಿ ಪೌಲನು, ಇತರರಿಗೆ ಸುಖ ನಿಮಗೆ ಕಷ್ಟ ಆಗಬೇಕೆಂಬುದು ನನ್ನ ಉದ್ದೇಶವಲ್ಲ, ಸಮಾನತೆ ಇರಬೇಕು ಎಂದು ಸ್ಪಷ್ಟವಾಗಿ ಬರೆದಿದ್ದಾನೆ. ಅದೇ ಅಧ್ಯಾಯದ ಆರಂಭದಲ್ಲಿ, ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸುವಾಗ, ತೀರಾ ಬಡವರಾಗಿದ್ದ ಮಕೆದೋನ್ಯದ ಸಭೆಯವರು ಈ ಸೇವೆಯಲ್ಲಿ ತಮಗೂ ಪಾಲು ಕೊಡಬೇಕೆಂದು ಬಹಳವಾಗಿ ಬೇಡಿಕೊಂಡರೆಂದು ಆತ ಹೇಳುತ್ತಾನೆ. ಅವರು ಯಾರ ಒತ್ತಾಯಕ್ಕೂ ಕೊಟ್ಟವರಲ್ಲ. ಕೊಡುವವರ ಸಾಲಿನಲ್ಲಿ ತಮ್ಮನ್ನು ಸೇರಿಸದೆ ಬಿಟ್ಟರೆ ಅದು ತಮಗೆ ಅವಮಾನವೆಂದು ಅವರು ತಿಳಿದಿರಬೇಕು. ಬಡವರನ್ನು ಯಾವಾಗಲೂ ಪಡೆಯುವವರ ಸಾಲಿನಲ್ಲಿಯೇ ನಿಲ್ಲಿಸುವ ಸೇವೆ ಬಡವರ ಮಾನಕ್ಕೆ ಕುಂದು ತರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಿಜೋರಾಂನ ಪ್ರೆಸ್ಬಿಟೇರಿಯನ್ ಸಭೆಗಳಲ್ಲಿ 1910ರ ಸುಮಾರಿನಿಂದ ನಡೆದುಬಂದ ಒಂದು ರೂಢಿಯಿದೆ. ಪ್ರತಿ ಹೊತ್ತಿನ ಅಡುಗೆಗೆ ಅಕ್ಕಿ ಅಳೆಯುವಾಗ ಮನೆಯ ಹೆಣ್ಣುಮಗಳು ಒಂದು ಹಿಡಿ ಅಕ್ಕಿಯನ್ನು ಬೇರೆ ತೆಗೆದಿಡುತ್ತಾಳೆ. ಅದನ್ನು ಸಭೆ ಕೂಡಿಸಿ ತನ್ನ ಕೆಲಸಗಳಿಗೆ ಬಳಸುತ್ತದೆ. ಹಣವಿಲ್ಲದ ಕಾಲದಲ್ಲಿ ಹಣವಿಲ್ಲದ ಹೆಣ್ಣುಮಕ್ಕಳು ಕಟ್ಟಿದ ಈ ವ್ಯವಸ್ಥೆ ಅಲ್ಲಿನ ಸಭೆಯ ಬೆನ್ನೆಲುಬಾಯಿತು. ನಿಮ್ಮಲ್ಲಿ ಹಿಡಿ ಅಕ್ಕಿಯೂ ಆದೀತು, ಹಿಡಿ ಜೋಳವೂ ಆದೀತು. ಮೂವತ್ತು ಮನೆಗಳ ಹಿಡಿಗಳು ಸೇರಿದರೆ ಒಂಟಿಯಾಗಿರುವ ಇಬ್ಬರು ಮೂವರು ಮುದುಕರ ಹೊಟ್ಟೆಗೆ ಅದು ಕಡಿಮೆಯಾಗಲಾರದು. ಯಾಜಕಕಾಂಡದ 19ನೆಯ ಅಧ್ಯಾಯ ಹೊಲದ ಅಂಚುಗಳನ್ನು ಪೂರ್ತಿ ಕೊಯ್ಯಬೇಡಿರಿ, ಹಕ್ಕಲಾಯಬೇಡಿರಿ, ಅದನ್ನು ಬಡವರಿಗೂ ಪರದೇಶಿಗೂ ಬಿಡಿರಿ ಎನ್ನುತ್ತದೆ. ಹಕ್ಕಲು ಆಯ್ದು ಹೊಟ್ಟೆ ಹೊರೆದವರ ಮಕ್ಕಳು ಮೊಮ್ಮಕ್ಕಳು ನಿಮ್ಮ ಸಭೆಯಲ್ಲಿ ಇರಬಹುದು. ಆ ಕಟ್ಟಳೆಯ ಅರ್ಥವನ್ನು ಅವರಿಗೆ ಬೇರೆಯವರು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು, ಕೊಡಬಹುದಾದದ್ದು ಧಾನ್ಯ ಮತ್ತು ಹಣ ಮಾತ್ರವಲ್ಲ. ನೀವು ಓದಿದವರು, ನಿಮ್ಮ ಜೊತೆಗಾರರ ಕೈಯಲ್ಲಿ ಮೊಬೈಲ್ ಇದೆ, ಬೈಕ್ ಇದೆ. ನಮ್ಮ ಭಾಗದಲ್ಲಿ ಇವುಗಳ ಅಗತ್ಯ ಎಲ್ಲಿದೆ ಎಂಬುದಕ್ಕೆ ನಾನು ಒಂದೇ ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಅದು ಕ್ಷಯರೋಗ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ತಪ್ಪದೆ ಮಾತ್ರೆ ತೆಗೆದುಕೊಳ್ಳಬೇಕು. ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮೊದಲ ಎರಡು ತಿಂಗಳಲ್ಲಿ ಕೆಮ್ಮು ಕಡಿಮೆಯಾಗಿ, ಮೈಯಲ್ಲಿ ಬಲ ಬಂದಂತಾಗುತ್ತದೆ. ಅಷ್ಟರಲ್ಲಿ ಕೂಲಿ ಕರೆಯುತ್ತದೆ, ರೋಗಿ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೊರಟುಹೋಗುತ್ತಾನೆ, ಮಾತ್ರೆ ನಿಲ್ಲುತ್ತದೆ, ಔಷಧಿಗೆ ಬಗ್ಗದ ಕ್ಷಯ ಹುಟ್ಟುವ ಅಪಾಯ ಬೆಳೆಯುತ್ತದೆ. ಇದನ್ನು ತಡೆಯಲು ದೊಡ್ಡ ಸಂಸ್ಥೆ ಬೇಕಿಲ್ಲ. ಕ್ಷಯರೋಗಿಗಳ ಸರ್ಕಾರಿ ದಾಖಲೆಯಾದ ನಿಕ್ಷಯ್ ವ್ಯವಸ್ಥೆಯಲ್ಲಿ ನೋಂದಣಿಯಾದ ರೋಗಿಯ ಚಿಕಿತ್ಸೆಯನ್ನು ಇನ್ನೊಂದು ಊರಿನ ಕೇಂದ್ರಕ್ಕೆ ವರ್ಗಾಯಿಸಬಹುದು. ಆತ ಹೊರಡುವ ಮುಂಚೆ ಆಶಾ ಕಾರ್ಯಕರ್ತೆಗೆ ಅಥವಾ ಆರೋಗ್ಯ ಕೇಂದ್ರಕ್ಕೆ ತಿಳಿಸಿ ಅದನ್ನು ಮಾಡಿಸಿಕೊಡುವ ಒಬ್ಬ ಜೊತೆಗಾರ ಬೇಕು. ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, ನವೆಂಬರ್ 2024ರಿಂದ ಅದು 1,000 ರೂಪಾಯಿಯಾಗಿದೆ. ಹಣ ನೇರವಾಗಿ ಖಾತೆಗೆ ಬರುವುದರಿಂದ ಖಾತೆ, ಆಧಾರ್ ಜೋಡಣೆ ಸರಿಯಿಲ್ಲದ ರೋಗಿಗೆ ಅದು ತಲುಪುವುದಿಲ್ಲ, ಅದನ್ನು ಸರಿಮಾಡಿಸಲು ಅಕ್ಷರ ಬಲ್ಲವರೊಬ್ಬರು ಬ್ಯಾಂಕಿಗೆ ಜೊತೆಗೆ ಹೋಗಬೇಕಾಗುತ್ತದೆ. 2022ರಲ್ಲಿ ಆರಂಭವಾದ ನಿಕ್ಷಯ್ ಮಿತ್ರ ಯೋಜನೆಯಲ್ಲಿ ಯಾವುದೇ ವ್ಯಕ್ತಿ ಅಥವಾ ಸಂಘ, ರೋಗಿಯ ಒಪ್ಪಿಗೆಯ ಮೇಲೆ, ಕನಿಷ್ಠ ಆರು ತಿಂಗಳ ಆಹಾರದ ನೆರವಿನ ಹೊಣೆ ಹೊರಬಹುದು. ನಿಮ್ಮ ಸಭೆ ಒಬ್ಬನೇ ಒಬ್ಬ ರೋಗಿಯನ್ನು ಹೀಗೆ ಆರು ತಿಂಗಳು ಕೈಬಿಡದೆ ನಡೆಸಿದರೆ, ಛತ್ರದವನಿಗೆ ಎರಡು ಹಣ ಕೊಟ್ಟು ಮತ್ತೆ ಬರುತ್ತೇನೆಂದವನ ಕೆಲಸವನ್ನೇ ಅದು ಮಾಡಿದಂತಾಯಿತು.

ಇಲ್ಲಿ ಒಂದು ಎಚ್ಚರಿಕೆಯನ್ನು ಬಹಳ ಗಂಭೀರವಾಗಿ ಹೇಳಬೇಕಾಗಿದೆ. ಪ್ರಾರ್ಥನೆ ಮಾಡಿದ ಮೇಲೆ ಮಾತ್ರೆ ಬೇಡ, ಮಾತ್ರೆ ತೆಗೆದುಕೊಂಡರೆ ಅಪನಂಬಿಕೆ ಎಂಬ ಬೋಧನೆ ಕೆಲವು ಕಡೆ ಕೇಳಿಬರುತ್ತದೆ. ಅದು ತಪ್ಪು ಬೋಧನೆ, ಜೀವ ತೆಗೆಯುವ ಬೋಧನೆ. ಸಮಾರ್ಯದವನು ಗಾಯಕ್ಕೆ ಹೊಯ್ದ ಎಣ್ಣೆ, ದ್ರಾಕ್ಷಾರಸ ಆ ಕಾಲದ ಔಷಧವೇ. ಯಾಕೋಬನೂ ರೋಗಿಗಾಗಿ ಪ್ರಾರ್ಥಿಸುವಾಗ ಎಣ್ಣೆ ಹಚ್ಚಿರೆಂದು ಹೇಳಿದನು. ಆರೈಕೆಯನ್ನು ನಿಲ್ಲಿಸಿರೆಂದು ಹೇಳಲಿಲ್ಲ. ಪ್ರಾರ್ಥಿಸಿರಿ, ಆಮೇಲೆ ಇಂದಿನ ಮಾತ್ರೆ ನುಂಗಿದಿರಾ ಎಂದು ಕೇಳಿರಿ.

ರಸ್ತೆಯ ಅಪಘಾತಗಳ ವಿಷಯ ಸಂಕ್ಷೇಪವಾಗಿ: ಬಳ್ಳಾರಿ, ಹೊಸಪೇಟೆ, ಕೊಪ್ಪಳಗಳ ಮೇಲೆ ಹಾದುಹೋಗುವ ಹೆದ್ದಾರಿಯಲ್ಲಿ ಗಾಯಗೊಂಡವರನ್ನು ಕಂಡೂ ಪೊಲೀಸ್, ಕೋರ್ಟಿನ ಭಯದಿಂದ ಮುಂದೆ ಸಾಗುವವರಿದ್ದಾರೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134ಎ ಕಲಂ ಸದುದ್ದೇಶದಿಂದ ನೆರವಾದವರಿಗೆ ಸಿವಿಲ್ ಮತ್ತು ಕ್ರಿಮಿನಲ್ ಹೊಣೆಯಿಂದ ರಕ್ಷಣೆ ಕೊಡುತ್ತದೆ. ಆ ಕಲಂ ನೆರವಾದವನನ್ನು ಸಮಾರ್ಯದವನ ಹೆಸರಿನಿಂದಲೇ ಕರೆಯುತ್ತದೆ. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಜೊತೆಗಿರುವುದನ್ನು ನಿಮ್ಮ ಯುವಜನರು ಕಲಿತುಕೊಳ್ಳಲಿ.

ಮೂರನೆಯ ಮಾತು ಊರವರ ಶಂಕೆಯದು. ಈ ಭಯ ನಿಮ್ಮವರ ಕಲ್ಪನೆಯಲ್ಲ. ಅದನ್ನು ಅಲ್ಲಗಳೆಯುವುದೂ ಸರಿಯಲ್ಲ. ಮೊದಲು ಲೂಕನ ಸುವಾರ್ತೆಯ ಕ್ರಮವನ್ನು ಗಮನಿಸಿರಿ. 9ನೆಯ ಅಧ್ಯಾಯದಲ್ಲಿ ಸಮಾರ್ಯದ ಒಂದು ಹಳ್ಳಿಯವರು ಯೇಸುಸ್ವಾಮಿಯವರನ್ನು ಊರೊಳಗೆ ಸೇರಿಸುವುದಿಲ್ಲ. ಸಿಟ್ಟಾದ ಶಿಷ್ಯರು, ಆಕಾಶದಿಂದ ಬೆಂಕಿ ಬಿದ್ದು ಇವರು ನಾಶವಾಗಲಿ ಎಂದು ನಾವು ಹೇಳೋಣವೇ ಎಂದು ಕೇಳಿ ಗದರಿಸಿಕೊಳ್ಳುತ್ತಾರೆ. ಎರಡು ಜನಾಂಗಗಳ ನಡುವಿನ ದ್ವೇಷ ಹಳೆಯದು. ಸಮಾರ್ಯರು ಆರಾಧಿಸುತ್ತಿದ್ದ ಗೆರಿಜೀಮ್ ಬೆಟ್ಟದ ದೇವಾಲಯವನ್ನು ಯೆಹೂದ್ಯರ ಮಹಾಯಾಜಕನೂ ಅಧಿಪತಿಯೂ ಆಗಿದ್ದ ಯೋಹಾನ ಹಿರ್ಕಾನನು ಯೇಸುಸ್ವಾಮಿಯ ಕಾಲಕ್ಕೆ ನೂರು ವರ್ಷಗಳಿಗೂ ಮುಂಚೆ ಹಾಳುಗೆಡವಿದ್ದನು. ಹೀಗಿರುವಾಗ 10ನೆಯ ಅಧ್ಯಾಯದಲ್ಲಿ ಸ್ವಾಮಿಯವರು ಕರುಣೆಯ ಮಾದರಿಯಾಗಿ ಎತ್ತಿ ತೋರಿಸಿದ್ದು ಒಬ್ಬ ಸಮಾರ್ಯದವನನ್ನು, ಬೇರೆ ಬೆಟ್ಟದಲ್ಲಿ ಆರಾಧಿಸುವವನನ್ನು. ಕರುಣೆ ನಮ್ಮ ಸಭೆಯ ಸ್ವತ್ತೆಂದು ತಿಳಿದವರಿಗೆ ಈ ಸಾಮ್ಯದಲ್ಲಿ ಜಾಗವಿಲ್ಲ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲ ಹಳ್ಳಿಗಳ ಮನೆಮನೆಯಿಂದ ಬರುವ ಜೋಳದ ರೊಟ್ಟಿಗಳನ್ನು ನೋಡಿದ ಕ್ರೈಸ್ತನು ಅಲ್ಲಿ ಕಲಿಯುವುದಿದೆಯೆಂದು ಒಪ್ಪಿಕೊಂಡರೆ ಆತನ ನಂಬಿಕೆಗೆ ಏನೂ ಕಡಿಮೆಯಾಗುವುದಿಲ್ಲ, ಸಾಮ್ಯವನ್ನು ಸರಿಯಾಗಿ ಓದಿದಂತಾಗುತ್ತದೆ.

ಆದ್ದರಿಂದ ನನ್ನ ಸಲಹೆ ಇಷ್ಟು. ನೆರವಿನ ಜೊತೆ ಕರಪತ್ರ ಕೊಡಬೇಡಿರಿ, ಆರಾಧನೆಗೆ ಬರಬೇಕೆಂಬ ಷರತ್ತನ್ನು ಬಾಯಿಬಿಟ್ಟೂ ಹೇಳಬೇಡಿರಿ, ಮನಸ್ಸಿನಲ್ಲಿಯೂ ಇಟ್ಟುಕೊಳ್ಳಬೇಡಿರಿ. ಯೇಸುಸ್ವಾಮಿ ಹತ್ತು ಮಂದಿ ಕುಷ್ಠರೋಗಿಗಳನ್ನು ಗುಣಪಡಿಸಿದಾಗ ಒಬ್ಬನೇ ತಿರುಗಿ ಬಂದನು, ಅವನೂ ಸಮಾರ್ಯದವನೇ. ಬಾರದ ಒಂಬತ್ತು ಮಂದಿಯ ಗುಣವನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಿಮ್ಮ ಕೆಲಸವನ್ನು ಆಶಾ ಕಾರ್ಯಕರ್ತೆ, ಅಂಗನವಾಡಿಯವರು, ಪಂಚಾಯಿತಿ ಸದಸ್ಯರು ಇವರಿಗೆ ತಿಳಿಸಿ ಬೆಳಕಿನಲ್ಲಿ ಮಾಡಿರಿ; ಊರಿನ ಹಿಂದೂ, ಮುಸ್ಲಿಂ ಯುವಕರು ಜೊತೆಗೆ ಬಂದರೆ ಸಂತೋಷದಿಂದ ಸೇರಿಸಿಕೊಳ್ಳಿರಿ, ಅವರು ನಡೆಸುವ ಕೆಲಸಕ್ಕೆ ನೀವೂ ಕೈಜೋಡಿಸಿರಿ. ರೋಗಿಯ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕುವುದನ್ನು ಪೂರ್ತಿಯಾಗಿ ಬಿಡಿರಿ. ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಎಂಬ ಮಾತು ಯೇಸುಸ್ವಾಮಿಯ ಪರ್ವತಪ್ರಸಂಗದಲ್ಲಿಯೇ ಇದೆ. ನೀವು ಯಾಕೆ ಇದನ್ನು ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ಮಾತ್ರ ನಿಮ್ಮ ನಂಬಿಕೆಯನ್ನು ಮುಚ್ಚಿಡದೆ, ಪೇತ್ರನು ಹೇಳುವಂತೆ ಸಾತ್ವಿಕತೆಯಿಂದಲೂ ಗೌರವದಿಂದಲೂ ಹೇಳಿರಿ. ಇಷ್ಟಾದರೂ ಶಂಕೆ ಪಡುವವರು ಇರುತ್ತಾರೆ. ರೋಮನ್ ಚಕ್ರವರ್ತಿ ಜೂಲಿಯನ್ ಕ್ರೈಸ್ತರ ವಿರೋಧಿಯಾಗಿದ್ದವನು. ಆದರೂ ಸುಮಾರು ಕ್ರಿ.ಶ. 362ರಲ್ಲಿ ತನ್ನ ಧರ್ಮದ ಮಹಾಪುರೋಹಿತನೊಬ್ಬನಿಗೆ ಬರೆದ ಪತ್ರದಲ್ಲಿ, ಈ ಜನ ತಮ್ಮ ಬಡವರನ್ನಲ್ಲದೆ ನಮ್ಮ ಬಡವರನ್ನೂ ಸಾಕುತ್ತಾರೆಂದು ಒಪ್ಪಿಕೊಂಡು, ನಮ್ಮವರೂ ಹಾಗೆ ಮಾಡಬೇಕೆಂದು ಛತ್ರಗಳನ್ನು ಕಟ್ಟಿಸುವಂತೆ ಆಜ್ಞೆ ಮಾಡಿದನು. ಅವನು ಕ್ರೈಸ್ತನಾಗಲಿಲ್ಲ. ಬಡವರಿಗೆ ಇನ್ನಷ್ಟು ಅನ್ನ ಸಿಕ್ಕಿತಷ್ಟೆ, ಅದೇನೂ ಸಣ್ಣ ಫಲವಲ್ಲ.

ಕರುಣೆಯ ಕೆಲಸ ಅನ್ನ ಹಾಕುವುದರಲ್ಲಿ ಮುಗಿಯುವುದಿಲ್ಲ ಎಂಬುದನ್ನೂ ಹೇಳಬೇಕು. 1876ರಿಂದ 78ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಬಳ್ಳಾರಿ ಸೀಮೆ ಮದ್ರಾಸ್ ಪ್ರಾಂತ್ಯದಲ್ಲಿಯೇ ಅತಿ ಹೆಚ್ಚು ನರಳಿದ ಭಾಗಗಳಲ್ಲಿ ಒಂದು. ಪರಿಹಾರದ ಕೆಲಸಕ್ಕೆ ಬಂದವರಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಸಾಕೆಂದು ಬ್ರಿಟಿಷ್ ಸರ್ಕಾರ ಕಳಿಸಿದ್ದ ಅಧಿಕಾರಿ ರಿಚರ್ಡ್ ಟೆಂಪಲ್ ಅವರು ನಿಗದಿ ಮಾಡಿದರು. ದುಡಿಯುವ ದೇಹಕ್ಕೆ ಅದು ಸಾಲದೆಂದು ಪ್ರಾಂತ್ಯದ ಆರೋಗ್ಯಾಧಿಕಾರಿಯಾಗಿದ್ದ ಕಾರ್ನಿಶ್ ಅವರು ಬಿಡದೆ ವಾದಿಸಿದ ಮೇಲೆ 1877ರಲ್ಲಿ ಆ ಪಡಿಯನ್ನು ಹೆಚ್ಚಿಸಬೇಕಾಯಿತು. ಪಡಿ ಹಂಚುವ ಕೈಗಳಷ್ಟೇ, ಈ ಅಳತೆ ಸಾಲದು ಎಂದು ಹೇಳುವ ಬಾಯಿಯೂ ಜನರನ್ನು ಉಳಿಸಿತು. ದೇವದಾಸಿ ಪದ್ಧತಿಯನ್ನು 1982ರಲ್ಲಿಯೇ ರಾಜ್ಯ ಕಾನೂನು ನಿಷೇಧಿಸಿತು, ಜೀತವನ್ನು 1976ರಲ್ಲಿಯೇ ಕೇಂದ್ರ ಕಾನೂನು ರದ್ದುಮಾಡಿತು. ಆದರೂ ನಮ್ಮ ಭಾಗದ ಜಿಲ್ಲೆಗಳಲ್ಲಿ ದೇವದಾಸಿ ಪದ್ಧತಿಗೆ ಒಳಗಾದ ತಾಯಂದಿರೂ ಅವರ ಮಕ್ಕಳೂ ಇಂದಿಗೂ ಇದ್ದಾರೆ. ಅವರ ಮಕ್ಕಳಿಗೆ ಶಾಲೆಯಲ್ಲಿ ತಂದೆಯ ಹೆಸರಿನ ಪ್ರಶ್ನೆ ಎದುರಾದಾಗ, ಮುಂಗಡದ ಸಾಲಕ್ಕೆ ಇಡೀ ಕುಟುಂಬ ಕೆಲಸಕ್ಕೆ ಸಿಕ್ಕಿಬಿದ್ದಾಗ, ಅರ್ಜಿ ಬರೆದುಕೊಟ್ಟು ತಹಶೀಲ್ದಾರರ ಕಚೇರಿಗೆ ಜೊತೆಯಲ್ಲಿ ಹೋಗುವುದೂ ಯೆಶಾಯನು ಹೇಳಿದ ನೊಗ ಕಳಚುವ ಕೆಲಸವೇ. ಶಿಕ್ಷಕಿಯಾಗಿ ನಿಮಗೆ ಇದರ ಅವಕಾಶ ಬೇರೆಯವರಿಗಿಂತ ಹೆಚ್ಚು.

ಕೊನೆಯದಾಗಿ, ಕೆಲಸವನ್ನು ಶುರುಮಾಡುವ ರೀತಿ. ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯವನ್ನು ನಿಮ್ಮ ಹಿರಿಯರೂ ಯುವಜನರೂ ಒಟ್ಟಿಗೆ ಕುಳಿತು ಓದಿರಿ. ಯೆರೂಸಲೇಮಿನ ಆದಿಸಭೆಯಲ್ಲಿ ದಿನದಿನದ ಊಟದ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವ ವಿಧವೆಯರು ಬಿಟ್ಟುಹೋಗುತ್ತಿದ್ದಾರೆಂಬ ದೂರು ಎದ್ದಿತು. ಅಪೊಸ್ತಲರು ದೂರು ಕೊಟ್ಟವರನ್ನು ಗದರಿಸಲಿಲ್ಲ, ನಾವು ಪ್ರಾರ್ಥಿಸುತ್ತೇವೆ ಎಂದು ಹೇಳಿ ಕಳಿಸಲೂ ಇಲ್ಲ. ಪ್ರಾರ್ಥನೆಯನ್ನೂ ವಾಕ್ಯದ ಸೇವೆಯನ್ನೂ ತಾವು ಬಿಡದೆ ನಡೆಸುವುದಾಗಿ ಹೇಳಿ, ಹಂಚಿಕೆಯನ್ನು ನೋಡಿಕೊಳ್ಳಲು ಒಳ್ಳೆಯ ಹೆಸರು ಪಡೆದ ಏಳು ಮಂದಿಯನ್ನು ಸಭೆಯೇ ಆರಿಸುವಂತೆ ಮಾಡಿದರು. ಆ ಏಳು ಮಂದಿಯ ಹೆಸರುಗಳೆಲ್ಲ ಗ್ರೀಕ್ ಹೆಸರುಗಳು. ಬಿಟ್ಟುಹೋದವರ ಕಡೆಯವರ ಕೈಗೇ ಹಂಚಿಕೆಯ ಹೊಣೆ ಬಂದಂತೆ ಕಾಣುತ್ತದೆ. ಪ್ರಾರ್ಥನೆ ಸಾಕೆನ್ನುವ ನಿಮ್ಮ ಹಿರಿಯರಿಗೆ ಇದಕ್ಕಿಂತ ಸೌಮ್ಯವಾದ ಉತ್ತರ ಇಲ್ಲ, ಏಕೆಂದರೆ ಇಲ್ಲಿ ಪ್ರಾರ್ಥಿಸುವವರಿಗೂ ಬಡಿಸುವವರಿಗೂ ಒಂದೇ ಸಭೆಯಲ್ಲಿ ಸ್ಥಾನವಿದೆ, ಇಬ್ಬರ ಮೇಲೂ ಸಭೆಯ ಆಶೀರ್ವಾದವಿದೆ.

ಓದಿದ ಮೇಲೆ ನಿಮ್ಮ ಊರಿನಲ್ಲಿ ಹಂಚಿಕೆಯಿಂದ ಬಿಟ್ಟುಹೋದವರು ಯಾರೆಂದು ಹೆಸರು ಹಿಡಿದು ಪಟ್ಟಿ ಮಾಡಿರಿ: ಮಕ್ಕಳು ಗುಳೆ ಹೋದ ಮೇಲೆ ಒಬ್ಬರೇ ಉಳಿದ ಮುದುಕರು, ಮಾತ್ರೆ ನಿಲ್ಲಿಸಿದ ರೋಗಿ, ರೇಷನ್ ಕಾರ್ಡಿನಲ್ಲಿ ಹೆಸರಿಲ್ಲದವರು, ನಿಮ್ಮದಲ್ಲದ ಕೇರಿಯವರು. ಪಟ್ಟಿಯಲ್ಲಿ ಸಭೆಯ ಸದಸ್ಯರಷ್ಟೇ ಇದ್ದರೆ ಅದನ್ನು ಮತ್ತೊಮ್ಮೆ ಮಾಡಿರಿ. ಅದರಿಂದ ಒಬ್ಬರನ್ನೋ ಇಬ್ಬರನ್ನೋ ಮಾತ್ರ ಆರಿಸಿಕೊಳ್ಳಿರಿ, ಆದರೆ ಅವರನ್ನು ಎಷ್ಟು ತಿಂಗಳು ನೋಡಿಕೊಳ್ಳುತ್ತೀರೆಂದು ಮೊದಲೇ ತೀರ್ಮಾನಿಸಿರಿ. ಕೂಡಿಸಿದ ಧಾನ್ಯ ಮತ್ತು ಹಣದ ಲೆಕ್ಕವನ್ನು ಇಬ್ಬರು ಬರೆಯಲಿ, ಅವರಲ್ಲಿ ಒಬ್ಬರಾದರೂ ಹೆಣ್ಣುಮಗಳಿರಲಿ, ತಿಂಗಳಿಗೊಮ್ಮೆ ಆರಾಧನೆಯ ನಂತರ ಎಲ್ಲರ ಮುಂದೆ ಓದಲಿ. ಲೈಸ್ನಿಗ್‌ನವರೂ ತಮ್ಮ ಪೆಟ್ಟಿಗೆಯ ಹೊಣೆಯನ್ನು ಒಬ್ಬರ ಕೈಗೆ ಬಿಡದೆ ಸಭೆ ಆರಿಸಿದ ಹತ್ತು ಮಂದಿಗೆ ಒಪ್ಪಿಸಿ, ಲೆಕ್ಕ ಕೇಳುವ ನಿಯಮ ಮಾಡಿಕೊಂಡಿದ್ದರು. ನಿಮ್ಮ ಹಿರಿಯರನ್ನು ಈ ಕೆಲಸದಿಂದ ಹೊರಗಿಡಬೇಡಿರಿ. ಮೊದಲ ರೋಗಿಯ ಮನೆಗೆ ಹೋಗುವಾಗ ಅವರನ್ನೇ ಕರೆದುಕೊಂಡು ಹೋಗಿ, ಅಲ್ಲಿ ಪ್ರಾರ್ಥನೆಯನ್ನು ಅವರೇ ನಡೆಸಲಿ; ರೋಗಿಯು ಬೇರೆ ಧರ್ಮದವನಾಗಿದ್ದರೆ ಆತನ ಒಪ್ಪಿಗೆ ಕೇಳಿ, ಬೇಡವೆಂದರೆ ಪ್ರಾರ್ಥನೆಯನ್ನು ಮನೆಗೆ ಬಂದು ಮಾಡಿರಿ, ಜೋಳದ ಚೀಲವನ್ನು ಮಾತ್ರ ಅಲ್ಲಿಯೇ ಇಳಿಸಿರಿ.